ಹರಿಗೋಲಿನ ಮುಂಭಾಗ

"ದಾರಿಯಲ್ಲಿ ಮಾನ ಹೋದ ಮೇಲೆ ಮುಂದಕ್ಕೆ ಹೆಜ್ಜೆ ಇಡುವುದು ಹೇಗೆ, ಗುರುಗಳೇ?" ಎಂದು ಶಿಷ್ಯ ಸಂಬಯ್ಯ ಕೇಳಿದ.

ಅವನು ನೆರೆಯೂರಿನ ಮಠದಲ್ಲಿ ಮೊದಲ ಬಾರಿ ಪ್ರವಚನ ಹೇಳಲು ಹೋಗಿದ್ದ. ಮಠದ ಬಾಗಿಲ ಮುಂದೆಯೇ ಕೆಸರಿನಲ್ಲಿ ಜಾರಿ ಬಿದ್ದ. ಅವನಿಗಾಗಿ ಕಾದಿದ್ದ ಜನ ನಕ್ಕರು. ಎದ್ದವನೇ ಪ್ರವಚನ ಹೇಳದೆ, ಕಾಲನ್ನೂ ತೊಳೆಯದೆ ಹಿಂದಿರುಗಿ ಬಂದಿದ್ದ.

ಗುರುಗಳು ಅವನಿಗೆ ಸ್ನಾನ ಮಾಡಿ ಬರಲು ಹೇಳಿದರು. ಬಂದ ಮೇಲೆ ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನು ಎದುರು ಬಂದರೆ ಊರ ಜನ ದಾರಿ ಬಿಡುತ್ತಿದ್ದರು. ಅವನ ಒಬ್ಬನೇ ಮಗನಿಗೆ ಹೊಳೆಯಾಚೆಯ ರೈತನೊಬ್ಬನ ಮಗಳ ಜೊತೆ ಮದುವೆ ಗೊತ್ತಾಯಿತು. ಮದುವೆಯ ದಿನ ಬೆಳಿಗ್ಗೆ ದಿಬ್ಬಣ ಹೊಳೆಯ ದಡಕ್ಕೆ ಬಂತು. ಆ ಸೀಮೆಯಲ್ಲಿ ಒಂದು ಪದ್ಧತಿ. ದಿಬ್ಬಣ ಆಚೆ ದಡ ಮುಟ್ಟಿದಾಗ ಗಂಡಿನ ತಂದೆಯೇ ಮೊದಲು ನೆಲಕ್ಕೆ ಕಾಲಿಡಬೇಕು. ಹೆಣ್ಣಿನ ತಂದೆ ಅವನ ಪಾದ ತೊಳೆದು ಬರಮಾಡಿಕೊಳ್ಳಬೇಕು.

ಮೊದಲು ಇಳಿಯುವವನು ಮುಂದೆ ಕೂರಬೇಕಲ್ಲವೇ? ವರ್ತಕ ಜರತಾರಿ ರುಮಾಲು ಸುತ್ತಿ, ಹರಿಗೋಲು ಹತ್ತಿ, ಎದುರು ದಡಕ್ಕೆ ಮುಖ ಮಾಡಿ ಮುಂಭಾಗದಲ್ಲಿ ಕುಳಿತ. ಹರಿಗೋಲು ಬುಟ್ಟಿಯಂತೆ ದುಂಡಗಿನದು, ತಿರುಗುತ್ತಲೇ ಸಾಗುತ್ತದೆ. ಸ್ವಲ್ಪ ಹೊತ್ತಿಗೆ ಅವನು ಹಿಂಭಾಗದಲ್ಲಿದ್ದ, ತನ್ನ ಊರನ್ನೇ ನೋಡುತ್ತಿದ್ದ. ಎದ್ದು, ನೆಂಟರನ್ನು ಸರಿಸಿ, ಮತ್ತೆ ಮುಂದೆ ಹೋಗಿ ಕುಳಿತ. ಮತ್ತೆ ಹಿಂದಾದ, ಮತ್ತೆ ಎದ್ದು ಮುಂದೆ ಹೋದ. ಇದಕ್ಕೆ ಮುಂದು ಹಿಂದು ಎಂಬುದಿಲ್ಲ, ದಡ ಬಂದಾಗ ನಿಮ್ಮನ್ನೇ ಮೊದಲು ಇಳಿಸುತ್ತೇನೆ, ಕೂತಿರಿ ಎಂದು ಅಂಬಿಗ ಎರಡು ಸಲ ಬೇಡಿಕೊಂಡ. ಬೇರೆ ಯಾರಾದರೂ ಇಳಿದುಬಿಟ್ಟರೆ ಎಂಬ ಚಿಂತೆ ವರ್ತಕನಿಗೆ. ದಡ ಇನ್ನು ನಾಲ್ಕು ಮಾರು ಇದೆ ಎನ್ನುವಾಗ ಮೂರನೆಯ ಸಲ ಎದ್ದ. ಹರಿಗೋಲು ವಾಲಿತು. ಉಳಿದವರೆಲ್ಲ ಕೂತಲ್ಲೇ ಉಳಿದರು. ಅವನೊಬ್ಬ ನೀರಿಗೆ ಬಿದ್ದ.

ಸೊಂಟದಷ್ಟೇ ನೀರು. ಮುಳುಗಿ ಎದ್ದಾಗ ತಲೆಯ ಮೇಲೆ ರುಮಾಲಿರಲಿಲ್ಲ. ಅದು ಬಿಚ್ಚಿಕೊಂಡು ಹರಿವಿನ ಜೊತೆ ಹೋಗುತ್ತಿತ್ತು. ದಡದ ಮೇಲೆ ವಾಲಗ ನಿಂತಿತು. ಊದುವವನಿಗೆ ನಗು ತಡೆಯಲಾಗಿರಲಿಲ್ಲ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಹೆಣ್ಣಿನ ತಂದೆ ಮಾತ್ರ ನಗಲಿಲ್ಲ. ಪಾದ ತೊಳೆಯುವ ತಂಬಿಗೆ ಹಿಡಿದು ನೀರಿನ ಅಂಚಿಗೆ ಬಂದು ನಿಂತ. ದಿಬ್ಬಣ ದಡದಿಂದ ಹಿಂದಿರುಗಿದರೆ ಮಗಳನ್ನು ಮತ್ತೆ ಯಾರೂ ಕೇಳಿಕೊಂಡು ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ವರ್ತಕ ಆ ಕಡೆ ನೋಡಲೇ ಇಲ್ಲ. ಇದು ಅಪಶಕುನ, ಈ ಸಂಬಂಧ ಬೇಡ, ಹರಿಗೋಲು ತಿರುಗಿಸು ಎಂದು ಅಂಬಿಗನಿಗೆ ಹೇಳಿದ. ಮದುಮಗ ತಲೆ ತಗ್ಗಿಸಿದ.

ನೆಂಟರ ನಡುವೆ ವರ್ತಕನ ಅಕ್ಕ ಕುಳಿತಿದ್ದಳು. ಅವನನ್ನು ಎತ್ತಿ ಆಡಿಸಿದವಳು.

"ಹಿಂದಕ್ಕೇ ಹೋಗೋಣ, ತಮ್ಮಾ," ಎಂದಳು. "ಯಾಕೆ ತಿರುಗಿ ಬಂದಿರಿ ಅಂತ ಊರಲ್ಲಿ ಕೇಳುತ್ತಾರಲ್ಲ, ಏನು ಹೇಳಲಿ? ದುಂಡಗಿನ ಹರಿಗೋಲಿನಲ್ಲಿ ನನ್ನ ತಮ್ಮ ಮುಂಭಾಗ ಹುಡುಕುತ್ತಿದ್ದ ಅಂತಲೇ?"

ವರ್ತಕ ಅವಳನ್ನು ದುರುಗುಟ್ಟಿ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಅವನು ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡ. ಮೂರು ಸಲ ಎದ್ದದ್ದು, ನೆಂಟರ ಕಾಲು ತುಳಿದದ್ದು, ಬಿಟ್ಟು ಬಂದ ಊರನ್ನೇ ನೋಡುತ್ತಾ ಗಂಭೀರವಾಗಿ ಕುಳಿತದ್ದು, ಎಲ್ಲ ಕಣ್ಣಿಗೆ ಕಟ್ಟಿತು. ಮೊದಲು ಮೀಸೆ ಅಲುಗಿತು. ಆಮೇಲೆ ಹೊಟ್ಟೆ. ನೀರಿನಲ್ಲಿ ನಿಂತೇ ಅವನು ಬಿದ್ದು ಬಿದ್ದು ನಕ್ಕ. ತಡೆದುಕೊಂಡಿದ್ದವರೆಲ್ಲ ಅವನ ಜೊತೆಗೆ ನಕ್ಕರು.

ಹಾಗೆಯೇ ನಡೆದು ದಡ ಹತ್ತಿ, ಹೆಣ್ಣಿನ ತಂದೆಯ ಕೈಯಿಂದ ತಂಬಿಗೆಯನ್ನು ತೆಗೆದು ಪಕ್ಕಕ್ಕಿಟ್ಟ.

"ಬೀಗರೇ, ನಿಮಗೆ ಪಾದ ತೊಳೆಯುವ ಕೆಲಸ ಉಳಿಯಲಿಲ್ಲ. ನಿಮ್ಮೂರ ಹೊಳೆ ನನ್ನನ್ನು ಪೂರ್ತಿ ತೊಳೆದೇ ಕಳಿಸಿದೆ," ಎಂದ. "ಏನೇ ಆಗಲಿ, ಎಲ್ಲರಿಗಿಂತ ಮೊದಲು ಇಳಿದವನು ನಾನೇ ತಾನೆ?"

ರೈತ ತನ್ನ ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಅವನ ತಲೆಗೆ ಸುತ್ತಿದ. ಮುಹೂರ್ತಕ್ಕೆ ಸರಿಯಾಗಿ ತಾಳಿ ಕಟ್ಟಿದ್ದಾಯಿತು. ಊಟವಾದ ಮೇಲೆ ವರ್ತಕ ಮೊದಲ ತಾಂಬೂಲವನ್ನು ಅಕ್ಕನ ಕೈಗಿಟ್ಟು ಕಾಲಿಗೆ ನಮಸ್ಕರಿಸಿದ. ಎರಡನೆಯದನ್ನು ಅಂಬಿಗನಿಗೆ ಕೊಟ್ಟ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಸಂಬಯ್ಯನಿಗೆ ಸಮಾಧಾನವಾಗಲಿಲ್ಲ. ಎಂದೋ ಯಾರೋ ಒಬ್ಬ ಬಿದ್ದು ಎದ್ದು ನಕ್ಕದ್ದರಿಂದ ಇವತ್ತು ಯಾರಿಗೆ ಏನು ದೊರೆಯಿತು ಎಂದು ಕೇಳಿದ.

ಗುರುಗಳು ಹೊಳೆಯ ದಿಕ್ಕಿಗೆ ತಿರುಗಿ ಕೈ ಮುಗಿದರು.

"ಆ ಮದುಮಗಳ ಚೊಚ್ಚಲ ಮಗ ನಾನು," ಎಂದರು.