ಒಂಬತ್ತನೇ ಮಂಚದ ರಿಪೋರ್ಟು

ಲ್ಯಾಬಿನ ರಕ್ತಪರೀಕ್ಷೆ ರಿಪೋರ್ಟು ಇನ್ನು ತಾನಾಗಿಯೇ ವಾರ್ಡಿನ ಕಂಪ್ಯೂಟರಿಗೆ ಬರುತ್ತದೆ, ಮಂಚದ ನಂಬರ್ ಸಾಕು, ರೋಗಿಯ ಹೆಸರು ಬೇಡ ಎಂದು ಆಸ್ಪತ್ರೆಯ ಮುಖ್ಯಸ್ಥ ಡಾಕ್ಟರ್ ಇಂದುಧರ ಅಪ್ಪಣೆ ಮಾಡಿದರು.

"ರಿಪೋರ್ಟು ಬರೋ ಅಷ್ಟರಲ್ಲಿ ಮಂಚಕ್ಕೆ ಬೇರೆಯವರು ಬಂದಿರ್ತಾರಲ್ಲ ಸರ್. ಒಬ್ಬರ ಔಷಧಿ ಇನ್ನೊಬ್ಬರ ಹೊಟ್ಟೆಗೆ ಹೋದೀತು," ಎಂದಳು ನರ್ಸ್ ಹುಲಿಗೆಮ್ಮ.

"ಕಂಪ್ಯೂಟರ್ ತಪ್ಪು ಮಾಡಲ್ಲ ಕಣಮ್ಮ. ಬಾಯಿ ಮುಚ್ಚು."

 ಹೊಸ ವ್ಯವಸ್ಥೆಯ ಉದ್ಘಾಟನೆಯ ದಿನ ಮಂತ್ರಿಗಳ ಎದುರಲ್ಲೇ, "ಮೊದಲ ರೋಗಿ ನೀವೇ ಆಗಿ ಸರ್," ಎಂದು ಹುಲಿಗೆಮ್ಮ ಡಾಕ್ಟರನ್ನು ಉಬ್ಬಿಸಿ ಒಂಬತ್ತನೇ ಮಂಚದ ಮೇಲೆ ಮಲಗಿಸಿದಳು, ಕಂಪ್ಯೂಟರಿನಲ್ಲಿ ಆ ಮಂಚಕ್ಕೆ ಅವರ ಹೆಸರು ದಾಖಲಿಸಿದಳು. ಆ ಮಂಚದಲ್ಲಿದ್ದ ಹೆಂಗಸು ಬೆಳಿಗ್ಗೆಯಷ್ಟೇ ಪರೀಕ್ಷೆಗೆ ರಕ್ತ ಕೊಟ್ಟು ಬೇರೆ ವಾರ್ಡಿಗೆ ಹೋಗಿದ್ದಳು.

ಸೂಜಿ ಚುಚ್ಚುವ ಮೊದಲೇ ಕಂಪ್ಯೂಟರಿನ ದೊಡ್ಡ ಪರದೆ ಬೆಳಗಿತು: "ಡಾ. ಇಂದುಧರ. ಗರ್ಭ ನಿಂತಿದೆ."

ಚಪ್ಪಾಳೆಗೆ ಎತ್ತಿದ ಮಂತ್ರಿಗಳ ಕೈ ಹಾಗೇ ನಿಂತಿತು. ಡಾಕ್ಟರ ಮುಖ ಸುಣ್ಣ ಬಳಿದಂತಾಯಿತು. ದಡಕ್ಕನೆ ಏಳಹೋದರು.

ಹುಲಿಗೆಮ್ಮ ತೋಳು ಹಿಡಿದುಕೊಂಡಳು. "ಮೆಲ್ಲಗೆ ಏಳಿ ಸರ್. ಕಂಪ್ಯೂಟರ್ ತಪ್ಪು ಮಾಡಲ್ಲ."