ಮುರುಕೋಡಿ ಕೆರೆ

ನಮ್ಮ ಕೆರೆಗೆ ಮೊದಲ ಸಲ ಬಂದವರು ಕೇಳುವುದು ಒಂದೇ ಮಾತು: ತುಂಬಿದ ಕೆರೆ, ಭದ್ರವಾದ ಏರಿ, ಇದಕ್ಕೇಕೆ ಮುರುಕೋಡಿ ಎಂಬ ಹೆಸರು? ಹೆಚ್ಚಿನ ನೀರು ಹರಿದುಹೋಗುವ ಕೋಡಿಯ ಪಕ್ಕದಲ್ಲಿ ತಾಯಿ ಕೆರೆಯಮ್ಮನ ಪುಟ್ಟ ಗುಡಿಯಿದೆ. ತಾಯಿ ಕಾಯುತ್ತಾಳೆಂದು ಬಲ್ಲೆ. ಆದರೂ ನೀರು ಏರುವ ದಿನಗಳಲ್ಲಿ ಅಲ್ಲಿ ಕುಳಿತರೆ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಹಿಂದೆ ಒಮ್ಮೆ ಈ ಸೀಮೆಗೆ ಹಲಗೇಗೌಡನೆಂಬವನು ಯಜಮಾನನಾಗಿದ್ದನಂತೆ. ಕೆರೆ ಕಟ್ಟಿಸಿದವನು ಅವನೇ. ಕೆಟ್ಟವನಲ್ಲ, ಜನಕ್ಕೆ ನೀರು ಬೇಕೆಂದೇ ಕಟ್ಟಿಸಿದ. ಕಟ್ಟಿ ಮುಗಿದ ಮೇಲೆ ಏರಿಯ ಒಳಮೈಯಲ್ಲಿ, ಕೋಡಿಗಿಂತ ಮೊಳದಷ್ಟು ಎತ್ತರದಲ್ಲಿ, ತನ್ನ ಹೆಸರಿನ ಕಲ್ಲು ನಿಲ್ಲಿಸಿದ. ಗಂಗೆ ಬಂದು ಈ ಹೆಸರನ್ನು ಮುಟ್ಟಿದ ಮೇಲೆಯೇ ತಾನು ಬಾಗಿನ ಕೊಡುವುದೆಂದು ಸುತ್ತಲ ಗೌಡರ ಮುಂದೆ ಆಡಿಯೂಬಿಟ್ಟ. ಕೋಡಿ ಹರಿಯುವಷ್ಟು ಕಾಲ ನೀರು ಅಲ್ಲಿಗೆ ಮುಟ್ಟುವಂತಿರಲಿಲ್ಲ. ಹಾಗಾಗಿ ಕಲ್ಲು, ಜೇಡಿಮಣ್ಣು ತುಂಬಿಸಿ ಕೋಡಿಯನ್ನೇ ಮುಚ್ಚಿಸಿದ.

ಮಳೆ ಹಿಡಿಯಿತು. ಏರಿಯ ಹೊರಮೈಯಲ್ಲಿ ಮೊದಲು ತಿಳಿನೀರು ಜಿನುಗಿತು, ಆಮೇಲೆ ಮಣ್ಣುಬಣ್ಣದ ನೀರು. ಕೆಳಗಿನ ಊರಿನವರು ಬಂದು ಕೇಳಿದರೆ ಗೌಡ, ‘ಏರಿ ಗಟ್ಟಿ ಐತೆ, ಹೋಗಿ ಉಣ್ರಿ’ ಎನ್ನುತ್ತಿದ್ದ. ಅನ್ನ ಇಳಿಯದಿದ್ದುದು ಅವನಿಗೇ. ಒಬ್ಬಳೇ ಮಗಳು ನಿಂಗಾಜಮ್ಮನನ್ನು ಕೊಟ್ಟಿದ್ದು ಆ ಊರಿಗೇ. ಅವಳ ಮಡಿಲಲ್ಲಿ ಹಸುಗೂಸು. ಒಂದು ಬೆಳಗ್ಗೆ ಕೆರೆಯ ನೀರು ನೋಡಿಕೊಳ್ಳುವ ನೀರುಗಂಟಿ ಮುದ್ದನನ್ನು ಕರೆದು, ಯಾರಿಗೂ ತಿಳಿಯದಂತೆ ಮಗಳನ್ನು ಕರೆತರಲು ಕಳಿಸಿದ. ಮುದ್ದ ಒಬ್ಬನೇ ಹಿಂದಿರುಗಿದ.

‘ಅವ್ವಾರು ಬರಾಕಿಲ್ಲ ಅಂದ್ರು ಗೌಡ್ರೇ.’

‘ಯಾಕಂತೆ?’

‘“ಏರಿ ಗಟ್ಟಿ ಅಂತ ಅಪ್ಪಯ್ಯನೇ ಅಂದವ್ರೆ, ನಾನ್ಯಾಕೆ ಓಡ್ಲಿ? ಗಟ್ಟಿ ಇಲ್ದಿದ್ರೆ ಊರಿಗೆಲ್ಲ ಹೇಳ್ಲಿ, ಎಲ್ಲಾರ ಜತೆ ನಾನೂ ಗುಡ್ಡ ಹತ್ತೀನಿ. ಈಗ ಮಗಿಗೆ ಹಾಲು ಕುಡಿಸ್ತಾ ಇವ್ನಿ. ಅಪ್ಪಯ್ಯನ ಹೆಸರು ಒದ್ದೆ ಆದ್ಮೇಲೆ ಹೇಳಿ ಕಳಿಸ್ಲಿ” ಅಂದ್ರು.’

ನೀರು ಕಲ್ಲಿಗೆ ಬೆರಳಷ್ಟೇ ದೂರವಿತ್ತು. ತಪ್ಪು ಮಾಡಿದೆ ಎಂಬ ಒಂದು ಮಾತು ಸಾಕಿತ್ತು. ಅದು ಗೌಡನ ಗಂಟಲು ದಾಟಲಿಲ್ಲ. ನಮ್ಮ ಸಂಕಟಗಳೆಲ್ಲ ಹುಟ್ಟುವುದು ಅಲ್ಲಿಯೇ ಎನ್ನುತ್ತಾರೆ ಹಿರಿಯರು. ನೀರು ತಾಯಿಯದು, ಮಣ್ಣು ತಾಯಿಯದು. ನಡುವೆ ನಾನು ಎಂಬುದೊಂದು ಅಡ್ಡ ನಿಂತು ಹರಿಯುವುದನ್ನೆಲ್ಲ ತಡೆಯುತ್ತದೆ. ಅಷ್ಟರಲ್ಲಿ ಏರಿಯಿಂದ ಮಣ್ಣಿನ ಒಂದು ಹೆಂಟೆ ಕಳಚಿ ಉರುಳಿತು. ಗೌಡ ಏರಿಯ ಮೇಲೆ ಓಡಿ, ತಲೆಯ ರುಮಾಲು ಬಿಚ್ಚಿ ಬೀಸುತ್ತ ಕೂಗಿದ: ‘ಏರಿ ಗಟ್ಟಿ ಇಲ್ಲ ಕಣ್ರಪ್ಪೋ. ಸುಳ್ಳಾಡ್ದೆ ನಾನು. ಗುಡ್ಡ ಹತ್ರಿ.’

ಬಳಿಕ ಹಾರೆ ಹಿಡಿದು ತಾನೇ ಕೋಡಿಗೆ ಇಳಿದ. ಮುಚ್ಚಿದ್ದು ಒಡೆದಾಗ ನೀರು ನುಗ್ಗಿ ಕೋಡಿಯ ಒಂದು ಮಗ್ಗುಲನ್ನೂ ಗೌಡನನ್ನೂ ಒಟ್ಟಿಗೆ ಒಯ್ದಿತು. ಏರಿ ನಿಂತಿತು. ಸಂಜೆ ಹಳ್ಳದ ದಂಡೆಯಲ್ಲಿ ಅವನನ್ನು ಕಂಡವಳು ಮಗಳೇ. ಆಗ ಉಸಿರಿತ್ತು ಎನ್ನುವವರಿದ್ದಾರೆ, ಇರಲಿಲ್ಲ ಎನ್ನುವವರೂ ಇದ್ದಾರೆ. ತಾಯಿ ಅವನನ್ನು ಕೈಬಿಟ್ಟಿರಲಾರಳು ಎಂದು ನಾನು ನಂಬಿದ್ದೇನೆ.

ಕೋಡಿಯ ಬಲಮಗ್ಗುಲು ಇಂದಿಗೂ ಮುರಿದೇ ಇದೆ, ಯಾರೂ ಕಟ್ಟಲಿಲ್ಲ. ಕೆರೆ ತುಂಬಿದ ದಿನ ಬಂದರೆ ನೋಡಬಹುದು: ಮೊದಲ ಬಾಗಿನ ಕೆಳಗಿನ ಊರಿನವರದು. ಸಂಕಲ್ಪಕ್ಕೆ ಪೂಜಾರಿ ಹೆಸರು ಕೇಳುತ್ತಾನೆ. ಮೊರ ಹಿಡಿದು ನಿಂತ ಹೆಂಗಸರು ಹೇಳುವುದಿಲ್ಲ. ಹೆಸರಿನ ಜಾಗದಲ್ಲಿ ನೀರು ಕೋಡಿ ಇಳಿಯುವ ಸದ್ದಷ್ಟೇ ಕೇಳಿಸುತ್ತದೆ; ಆಮೇಲೆ ಮಂತ್ರ ಮುಂದುವರಿಯುತ್ತದೆ.