ದಾರವಿಲ್ಲದ ಮೊಳೆ

ಹೊಳೆ ದಂಡೆಯ ಮೇಲೆ ಮೌನೇಶಪ್ಪನವರ ತಗಡಿನ ಶೆಡ್ಡಿತ್ತು. ದೂರದ ಊರುಗಳಿಗೆ ತುಳಿದುಕೊಂಡು ಹೋಗುವವರಿಗೆ, ಅವರವರ ಮೈಗೆ ತಕ್ಕಂತೆ ಉಕ್ಕಿನ ಸೈಕಲ್ಲು ಕಟ್ಟಿಕೊಡುವುದು ಅವರ ಕಸುಬು. ಜನ ಅವರನ್ನು ಗುರುಗಳು ಅನ್ನುತ್ತಿದ್ದರು. "ಗಡ್ಡ ನೋಡಿ ಗುರು ಅನ್ನೋದಾದ್ರ ಹೋತದ ಕಾಲಿಗೂ ಬೀಳ್ರಿ" ಎಂದು ಅವರು ಗದರುತ್ತಿದ್ದರು.

ಅಲ್ಲೊಂದು ಪದ್ಧತಿ ಇತ್ತು. ಸೈಕಲ್ಲು ಬೇಕೆಂದು ಬಂದವರ ಕಾಲು, ತೋಳು, ಬೆನ್ನನ್ನು ದಾರದಲ್ಲಿ ಅಳೆಯಬೇಕು. ಎಲ್ಲಿ ನೋವಿದೆ ಎಂದು ಕೇಳಿ, ಆ ಜಾಗಕ್ಕೆ ದಾರದಲ್ಲೊಂದು ಗಂಟು ಹಾಕಬೇಕು. ಸೈಕಲ್ಲು ಮುಗಿಯುವವರೆಗೆ ಆ ದಾರ ಗೋಡೆಯ ಮೊಳೆಯಲ್ಲಿ ತೂಗುತ್ತಿರಬೇಕು.

ಶಿಷ್ಯ ಹಾಲೇಶ ಇದರಲ್ಲೆಲ್ಲ ಪಳಗಿದ್ದ. ಒಂದು ದಿನ ಅವನು ಹೊಸ ಪೈಪು ಕತ್ತರಿಸಲು ಕೂತ.

"ಯಾರಿಗಲೇ?" ಗುರುಗಳು ಕೇಳಿದರು.

"ನಮ್ಮನಿಯಾಕಿಗೆ. ಸೈಕಲ್ ಮ್ಯಾಲೆ ಘಟ್ಟ ಇಳಿದು ಸಮುದ್ರ ನೋಡ್ಬೇಕಂತ ಆಕಿ ಆಸೆ. ಮದುವಿ ಆದ ಹೊಸದ್ರಾಗ ಮಾತು ಕೊಟ್ಟಿದ್ದೆ."

"ದಾರ ಎಲ್ಲೈತಿ?"

ಹಾಲೇಶ ನಕ್ಕ. "ಕಟ್ಕೊಂಡ ಹೆಂಡ್ತಿಗೆ ದಾರ ಯಾಕ್ರಿ ಗುರುಗಳೇ? ಕಣ್ಣಳತಿ ಸಾಕು."

ಗುರುಗಳು ಗೋಡೆಗೆ ಹೊಸದೊಂದು ಮೊಳೆ ಹೊಡೆದು ತಮ್ಮ ಜಾಗಕ್ಕೆ ಹೋಗಿ ಕೂತರು.

ಮೊಳೆ ಖಾಲಿ ಇದೆಯಲ್ಲ ಎಂದು ಹಾಲೇಶ ಅದಕ್ಕೆ ತನ್ನ ಅಂಗಿ ನೇತುಹಾಕಿದ.

ಸ್ವಲ್ಪ ದಿನ ಕಳೆದ ಮೇಲೆ ಗುರುಗಳು ಗೋಡೆಯ ಒಂದು ದಾರ ಮುಟ್ಟಿ, "ಈತಗೆ ಎಲ್ಲಿ ನೋವು?" ಎಂದರು.

"ಬಲಗಾಲ ಮಂಡಿ. ಸಣ್ಣವ ಇದ್ದಾಗ ಹುಣಸೆಮರದಿಂದ ಬಿದ್ದಿದ್ದನಂತೆ."

"ಈ ಅಂಗಿ ಮೊಳಿಗೆ?"

"ಅದು ನನ್ನ ಅಂಗಿ ಐತಲ್ರಿ! ನನಗೇನೂ ನೋವಿಲ್ಲ."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಆ ಗಿಡ ಒಣಗಿದರೂ ಮನೆಯವರಿಗೆ ಗೊತ್ತಾಗುವುದಿಲ್ಲ ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಸೈಕಲ್ಲೇನೋ ಚೆಂದವಾಗಿಯೇ ಮುಗಿಯಿತು. ಕೀಲುಗಳ ಬೆಸುಗೆ ಬೆರಳಿಗೂ ಸಿಗದಷ್ಟು ನಯ. ಚೀಲ ಕಟ್ಟಲು ಹಿಂದೊಂದು, ಮುಂದೊಂದು ಕ್ಯಾರಿಯರ್. ಹಾಲೇಶ ಅದಕ್ಕೆ ಹೆಂಡತಿಯ ಧಾರೆ ಸೀರೆಯ ಬಣ್ಣವನ್ನೇ ಹುಡುಕಿ ಬಳಿದಿದ್ದ.

ಹೆಂಡತಿ ಕೊಟ್ರಮ್ಮ ಬಂದಳು. ಸೀಟು ಸವರಿದಳು. ಎಷ್ಟೋ ವರ್ಷದ ಮೇಲೆ ಅವಳು ಹುಡುಗಿಯ ಹಾಗೆ ನಕ್ಕದ್ದು ಕಂಡು ಹಾಲೇಶನಿಗೆ ಎದೆ ತುಂಬಿ ಬಂತು. ಅವನು ಸೈಕಲ್ಲು ಹಿಡಿದುಕೊಂಡ, ಅವಳು ಹತ್ತಿ ಕೂತಳು.

ಬಲಗೈ ಹ್ಯಾಂಡಲ್ಲಿಗೆ ಸಿಕ್ಕಿತು. ಎಡಗೈ ಅರ್ಧಕ್ಕೇ ನಿಂತಿತು.

"ಇನ್ನೊಂಚೂರು ಬಗ್ಗು."

"ಬಗ್ಗಿದ್ರೂ ಈ ಕೈ ಮುಂದಕ್ಕ ಬರಂಗಿಲ್ರಿ. ಹೆಗಲು ಹಿಡ್ಕೊಂಡೈತಿ."

"ಯಾವಾಗಿಂದ?"

ಕೊಟ್ರಮ್ಮನ ನಗು ಹೋಯಿತು.

"ನೀವು ಈ ಕೆಲಸಕ್ಕ ಸೇರಿದ ವರ್ಷ, ಬಸ್ ಸ್ಟ್ಯಾಂಡಿನಿಂದ ಪೈಪಿನ ಕಟ್ಟು ಹೊತ್ಕೊಂಡು ಬರ್ತಿದ್ದೋಳು ಯಾರು? ಅವತ್ತಿಂದ."

"ಹೇಳಬಾರದಾಗಿತ್ತೇನು?"

"ನನ್ನ ತಲಿ ಬಾಚಾಕ ಪಕ್ಕದ ಮನಿ ಹುಡುಗಿ ದಿನಾ ಯಾಕ ಬರ್ತಾಳ? ಒಂದಿನನಾದ್ರೂ ಕೇಳಿದ್ರೇನು?"

ಆ ಹುಡುಗಿ ಹರಟೆಗೆ ಬರುತ್ತಾಳೆ ಎಂದೇ ಹಾಲೇಶ ತಿಳಿದಿದ್ದ.

ಕೊಟ್ರಮ್ಮ ನಿಧಾನಕ್ಕೆ ಇಳಿದು ಸೈಕಲ್ಲನ್ನು ಗೋಡೆಗೆ ಒರಗಿಸಿದಳು.

"ಬಣ್ಣ ಚೆಂದ ಐತಿ" ಎಂದು ಹೇಳಿ, ಹೊಳೆಯ ಕಡೆ ಮುಖ ತಿರುಗಿಸಿ ನಿಂತುಬಿಟ್ಟಳು.

ಹಾಲೇಶನಿಗೆ ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಓಡಿಹೋಗಿ ಗುರುಗಳ ಮುಂದೆ ಕೂತ.

"ತಪ್ಪಾತು ಗುರುಗಳೇ. ಎಲ್ಲ ಬಿಚ್ಚಿ ಮೇಲಿನ ಪೈಪು ಗಿಡ್ಡ ಮಾಡ್ತೀನಿ, ಹ್ಯಾಂಡಲ್ ಎತ್ತರಿಸ್ತೀನಿ. ಎಷ್ಟು ಕತ್ತರಿಸ್ಲಿ ಹೇಳ್ರಿ. ಎಷ್ಟಾದ್ರ ಆಕಿ ಕೈಗೆ ಆರಾಮ ಆಗ್ತೈತಿ?"

ಗುರುಗಳು ಎದ್ದು, ಮೊಳೆಯಿಂದ ಅಂಗಿ ತೆಗೆದು ಅವನ ತೊಡೆಯ ಮೇಲೆ ಹಾಕಿದರು.

"ಆಕಿ ಅಲ್ಲೇ ನಿಂತಾಳ. ಈಗ್ಲೂ ನನ್ನ ಕೇಳ್ತೀಯಲ್ಲಲೇ."